ಕೋಲ್ಡ್ ಸ್ಟೋರೇಜ್ ಇಲ್ಲದೆ ತರಕಾರಿ ತಾಜಾ ಇಡುವುದು: ಕೊಯ್ಲಿನಿಂದ ಗಿರಾಕಿಯ ಕೈಗೆ ಹೋಗುವ ತನಕ

ಮೊದಲ ಸಲ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ಗೆ ಪಾಲಕ್ ಕಳಿಸುವಾಗ ನಾನು ಬಹಳ ಮುತುವರ್ಜಿ ವಹಿಸಿದ್ದೆ. ಕಟ್ಟುಗಳನ್ನು ತೊಳೆದೆ. ಹೊಳೆಯುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಆಕ್ಸಾ ಬ್ಲೇಡ್ (ಕಬ್ಬಿಣ ಕೊಯ್ಯುವ ಗರಗಸದ ಅಲಗು) ನಡುವೆ ಚೀಲದ ಬಾಯಿ ಹಿಡಿದು, ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸಿದೆ. ನೋಡಲು ಅಂಗಡಿ ಮಾಲಿನಂತೆಯೇ ಇತ್ತು. ಸಂಜೆ ನಾಲ್ಕಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಚೀಲದೊಳಗೆ ಮಂಜು, ತಳದಲ್ಲಿ ಹಸಿರು ನೀರು, ಸೊಪ್ಪೆಲ್ಲ ಲೋಳೆ.

ಅದೇ ದಿನ ಮಿಕ್ಕಿದ ಪಾಲಕ್ಕನ್ನು ನಮ್ಮತ್ತೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಹೊಂಗೆ ಮರದ ಬುಡದಲ್ಲಿ ನಿಲ್ಲಿಸಿದ್ದರು. ಅದು ಸಂಜೆಗೂ ನೆಟ್ಟಗೆ ನಿಂತಿತ್ತು. ಅಂದಿನಿಂದ ನಾನು ಚೀಲವನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ನಮ್ಮದು ಮಾಲೂರು ಕಡೆ ಒಂದೂವರೆ ಎಕರೆ. ಟೊಮೇಟೊ ಮಂಡಿಗೆ ಹೋಗುತ್ತದೆ, ಉಳಿದ ತರಕಾರಿ ವಾರಕ್ಕೆ ಎರಡು ದಿನ ನೇರ ಗಿರಾಕಿಗಳಿಗೆ. ಕೋಲ್ಡ್ ಸ್ಟೋರೇಜ್ ಇಲ್ಲ. ಆದರೂ ಕಿತ್ತ ತರಕಾರಿಯನ್ನು ಎರಡು ಮೂರು ದಿನ ಮರ್ಯಾದೆಯಿಂದ ಇಡಲು ಸಾಧ್ಯವಿದೆ. ಅದನ್ನು ಹೇಗೆ ಮಾಡುತ್ತೇವೆ ಅನ್ನುವುದನ್ನು ಮೊದಲಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು

ಅವರೆಕಾಯಿ ಕಾಲದಲ್ಲಿ ರಾತ್ರಿ ಕಟ್ಟಿಟ್ಟ ಮೂಟೆಯೊಳಗೆ ಬೆಳಿಗ್ಗೆ ಕೈ ಹಾಕಿ ನೋಡಿ. ನಡುವಿನ ಕಾಯಿ ಬೆಚ್ಚಗಿರುತ್ತದೆ. ಹೊರಗೆ ಚಳಿ, ಒಳಗೆ ಕಾವು. ಆ ಕಾವು ಕಾಯಿಯದೇ. ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ, ತನ್ನಲ್ಲಿದ್ದ ಸಕ್ಕರೆಯನ್ನೇ ಸುಡುತ್ತದೆ, ಬಿಸಿ ಮತ್ತು ನೀರಾವಿ ಹೊರಗೆ ಬಿಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು ಮೂರು ಪಟ್ಟು ಜೋರಾಗುತ್ತದೆ. ಅಂದರೆ 25 ಡಿಗ್ರಿಯಲ್ಲಿ ಎರಡು ದಿನ ಬಾಳುವ ಬೀನ್ಸ್ 35ರಲ್ಲಿ ಒಂದು ದಿನವೂ ಬಾಳುವುದು ಕಷ್ಟ.

ಬಟಾಣಿ, ಅವರೆ, ಬೆಂಡೆ, ಬೀನ್ಸ್, ಸೊಪ್ಪು ಜೋರಾಗಿ ಉಸಿರಾಡುವ ಜಾತಿ. ಈರುಳ್ಳಿ, ಆಲೂಗಡ್ಡೆ, ಕುಂಬಳ ನಿದ್ದೆಯಲ್ಲಿರುವ ಜಾತಿ. ಮೊದಲನೆಯವನ್ನು ರಾಶಿ ಹಾಕಬಾರದು, ಮೂಟೆಯಲ್ಲಿ ಬಿಗಿಯಬಾರದು. ಎರಡನೆಯವಕ್ಕೆ ಒಂದಿಷ್ಟು ಸಲುಗೆ ಇದೆ.

ಇನ್ನೊಂದು ಶತ್ರು ಒಣಗುವುದು. ಸೊಪ್ಪು ತನ್ನ ತೂಕದಲ್ಲಿ ನೂರಕ್ಕೆ ಐದು ಭಾಗ ನೀರು ಕಳೆದುಕೊಂಡರೆ ಸಾಕು, ಬಾಡಿದಂತೆ ಕಾಣುತ್ತದೆ. ತೂಕದಲ್ಲಿ ಮಾರುವವರಿಗೆ ಅದು ಬರೀ ಅಂದದ ಪ್ರಶ್ನೆಯಲ್ಲ. 100 ಕೆಜಿಯಲ್ಲಿ 5 ಕೆಜಿ ದುಡ್ಡು ಗಾಳಿಗೆ ಹೋಯಿತು, ಅಲ್ವಾ?

ಕೀಳುವ ಹೊತ್ತು

ಬಿಸಿಲೇರುವ ಮೊದಲೇ ಕೀಳಬೇಕು. ಎಲ್ಲರಿಗೂ ಗೊತ್ತಿರುವ ಮಾತು, ಎಲ್ಲರೂ ಮುರಿಯುವ ಮಾತು. ಕೂಲಿಯವರು ಬರುವುದೇ ಒಂಬತ್ತಕ್ಕೆ ಅಂದರೆ ಏನು ಮಾಡುವುದು? ನಾವು ಕಂಡುಕೊಂಡ ದಾರಿ ಇಷ್ಟು. ಸೊಪ್ಪು ಮತ್ತು ಬೆಂಡೆಯನ್ನು ಮನೆಯವರೇ ಏಳೂವರೆಯೊಳಗೆ ಮುಗಿಸುತ್ತೇವೆ. ಟೊಮೇಟೊ, ಬದನೆ, ಎಲೆಕೋಸು ಕೂಲಿಯವರಿಗೆ ಬಿಡುತ್ತೇವೆ. ಇವು ಒಂದೆರಡು ಗಂಟೆ ತಡವನ್ನು ತಡೆಯುತ್ತವೆ, ಸೊಪ್ಪು ತಡೆಯುವುದಿಲ್ಲ.

ಸೊಪ್ಪಿಗೆ ಹಿಂದಿನ ಸಂಜೆ ನೀರು ಕೊಡಿ. ಬೆಳಿಗ್ಗೆ ಎಲೆ ನೀರು ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಆದರೆ ಎಲೆ ಮೇಲಿನ ಇಬ್ಬನಿ ಆರಿದ ಮೇಲೆಯೇ ಕೀಳಿ. ಈರುಳ್ಳಿಯದು ಇದಕ್ಕೆ ಉಲ್ಟಾ. ಕೀಳುವ 10-15 ದಿನ ಮೊದಲೇ ನೀರು ನಿಲ್ಲಿಸಬೇಕು.

ಕೈಯಿಂದ ಎಳೆದು ಕೀಳುವುದು ಬೇಗ ಆಗುತ್ತದೆ ನಿಜ. ಆದರೆ ಬದನೆ, ದಪ್ಪ ಮೆಣಸಿನಕಾಯಿ, ಸೌತೆಗೆ ಕತ್ತರಿಯೇ ಬೇಕು. ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಿ. ತೊಟ್ಟು ಕಿತ್ತು ಬಂದ ಜಾಗ ತೆರೆದ ಬಾಗಿಲು ಇದ್ದಂತೆ, ಅಲ್ಲಿಂದಲೇ ಕೊಳೆ ಶುರು. ಟೊಮೇಟೊ ಮಾತ್ರ ಬೇರೆ. ತೊಟ್ಟು ಬಿಟ್ಟರೆ ಬಾಕ್ಸಿನಲ್ಲಿ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಅದಕ್ಕೇ ತೊಟ್ಟು ತೆಗೆದೇ ಕೀಳುತ್ತಾರೆ. ಬೆಂಡೆ ಕೀಳುವವರು ಉಗುರು ಕತ್ತರಿಸಿಕೊಂಡಿರಬೇಕು. ಬೆಂಡೆಯ ಮೈಮೇಲಿನ ಏಣುಗಳಿಗೆ ಉಗುರು ತಾಗಿದ ಜಾಗ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತದೆ. ಹತ್ತಿ ಗ್ಲೌಸ್ ಹಾಕಿಕೊಂಡರೆ ಕೈ ಕೆರೆತವೂ ಇಲ್ಲ, ಕಾಯಿಯೂ ಉಳಿಯುತ್ತದೆ.

ಮೊದಲ ಎರಡು ಗಂಟೆ

ಇದೊಂದನ್ನು ಸರಿಯಾಗಿ ಮಾಡಿದರೆ ಮುಂದಿನ ಎಲ್ಲದರಲ್ಲೂ ಸ್ವಲ್ಪ ಎಡವಿದರೂ ನಡೆಯುತ್ತದೆ. ಇದನ್ನು ಬಿಟ್ಟರೆ ಲಕ್ಷ ರೂಪಾಯಿಯ ಕೂಲರ್ ಇದ್ದರೂ ದಂಡ.

ಬಿಸಿಲಲ್ಲಿ ಬಿಟ್ಟ ಟೊಮೇಟೊ ಗಾಳಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಒಂದು ಹಣ್ಣನ್ನು ಒಡೆದು ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಹೊಲದಿಂದ ಹೊತ್ತು ತಂದ ಈ ಕಾವನ್ನು ಮೊದಲು ಇಳಿಸಬೇಕು. ಕಾವು ಇಳಿಸದೆ ಚೀಲಕ್ಕೆ ಹಾಕಿದ್ದೇ ಅವತ್ತು ನನ್ನ ಪಾಲಕ್‌ಗೆ ಆದ ಗತಿಗೆ ಅರ್ಧ ಕಾರಣ. ಬಿಸಿ ಸೊಪ್ಪು ಬೆವರಿತು, ಬೆವರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ನೆರಳಿಗೆ ಹಣ ಬೇಡ. ಹೊಂಗೆ, ಬೇವು, ಹುಣಸೆ ಯಾವುದಾದರೂ ಆದೀತು. ಮರ ಇಲ್ಲದಿದ್ದರೆ ನಾಲ್ಕು ಕಂಬ ನೆಟ್ಟು ತೆಂಗಿನ ಗರಿ ಹೊದಿಸಿ. ಹಸಿರು ನೆರಳು ಬಲೆಯೂ ನಡೆಯುತ್ತದೆ, ಆದರೆ ಕ್ರೇಟಿಗೆ ತಾಗದಂತೆ ಎತ್ತರದಲ್ಲಿ ಕಟ್ಟಿ. ನೀಲಿ ಟಾರ್ಪಾಲಿನ್ ಹೊದಿಸಿ ಮುಚ್ಚುವವರನ್ನು ನೋಡಿದ್ದೇನೆ. ಅದು ನೆರಳಲ್ಲ, ಇಡ್ಲಿ ಪಾತ್ರೆ.

ಕ್ರೇಟುಗಳ ನಡುವೆ ಗಾಳಿ ಓಡಾಡಲು ಜಾಗ ಬಿಡಿ. ಮೇಲೆ ಹಿಂಡಿದ ಒದ್ದೆ ಗೋಣಿ ಹೊದಿಸಿ, ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಸೊಪ್ಪು, ಮೂಲಂಗಿ, ಕ್ಯಾರೆಟ್, ಬೀಟ್ರೂಟ್‌ಗಳನ್ನು ತಣ್ಣೀರಿನಲ್ಲಿ ಅದ್ದಿ ತೆಗೆದರೆ ಇನ್ನೂ ಬೇಗ ಕಾವು ಇಳಿಯುತ್ತದೆ. ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರು ಸಾಕು. ಸಿಂಟೆಕ್ಸ್ ಟ್ಯಾಂಕಿನಲ್ಲಿ ಬಿಸಿಲಿಗೆ ಕಾದ ನೀರು ಬೇಡ.

ಕ್ಯಾರೆಟ್, ಮೂಲಂಗಿಯ ಸೊಪ್ಪನ್ನು ಒಂದು ಇಂಚು ಬಿಟ್ಟು ಕತ್ತರಿಸಿ. ಸೊಪ್ಪು ಇದ್ದರೆ ನೋಡಲು ಚೆಂದ, ಆದರೆ ಅದು ಗೆಡ್ಡೆಯ ನೀರನ್ನು ಎಳೆದು ಹೊರಗೆ ಬಿಡುತ್ತಲೇ ಇರುತ್ತದೆ. ಮಾರನೇ ದಿನ ಮೂಲಂಗಿ ಬೆಂಡಾಗುತ್ತದೆ.

ತೊಳೆಯಬೇಕೋ ಬೇಡವೋ

ಬೆಂಡೆ, ಬೀನ್ಸ್, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕುಂಬಳ: ಇವನ್ನು ತೊಳೆಯಬೇಡಿ. ಬೀನ್ಸ್ ಒದ್ದೆ ಇಟ್ಟರೆ ಕಂದು ಚುಕ್ಕೆ ಬರುತ್ತದೆ, ಬೆಂಡೆ ಕಪ್ಪಾಗುತ್ತದೆ. ಮಣ್ಣಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ.

ಗೆಡ್ಡೆ ಮತ್ತು ಸೊಪ್ಪು ತೊಳೆಯಬಹುದು. ಆದರೆ ಒಂದೇ ತೊಟ್ಟಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ತೊಳೆಯುವುದು ಸುಮ್ನೆ ಕೊಳೆ ಹಂಚುವ ಕೆಲಸ. ಒಂದು ಕೊಳೆತ ಗೆಡ್ಡೆಯ ರೋಗ ಇಡೀ ಲೋಡಿಗೆ ಹರಡುತ್ತದೆ. ಎರಡು ತೊಟ್ಟಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬರೀ ನೀರು, ಮಣ್ಣು ಬಿಡಿಸಲು. ಎರಡನೆಯದರಲ್ಲಿ ಬ್ಲೀಚಿಂಗ್ ಪೌಡರ್ ನೀರು.

ಲೆಕ್ಕ ಹೀಗೆ. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇರುತ್ತದೆ. 100 ಲೀಟರ್ ನೀರಿಗೆ ಸುಮಾರು 35 ಗ್ರಾಂ ಹಾಕಿದರೆ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 100 ಭಾಗ ಕ್ಲೋರಿನ್ ಆಗುತ್ತದೆ. ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಿ. ತರಕಾರಿ ಎರಡು ಮೂರು ನಿಮಿಷ ಅದರಲ್ಲಿರಲಿ, ಆಮೇಲೆ ಒಳ್ಳೆ ನೀರಿನಲ್ಲಿ ಒಮ್ಮೆ ಜಾಲಿಸಿ. ನೀರು ಕೆಸರಾದರೆ ಕ್ಲೋರಿನ್ ಸತ್ತಂತೆಯೇ, ನೀರು ಬದಲಿಸಿ. ಬಾಯಿ ಬಿಚ್ಚಿಟ್ಟ ಹಳೇ ಪೌಡರ್ ತೇವ ಹೀರಿ ಬಲ ಕಳೆದುಕೊಂಡಿರುತ್ತದೆ. ಚಿಕ್ಕ ಪೊಟ್ಟಣ ತಂದು ಬೇಗ ಮುಗಿಸುವುದು ಮೇಲು. ಕೈಗೆ ಗ್ಲೌಸ್ ಮರೆಯಬೇಡಿ.

ಟೊಮೇಟೊದ ವಿಷಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬಿಸಿ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗುತ್ತದೆ, ತೊಟ್ಟಿನ ಗಾಯದಿಂದ ಕೊಳಕು ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಎರಡು ದಿನದ ಮೇಲೆ ಹೊರಗೆ ಚೆನ್ನಾಗಿ ಕಂಡ ಹಣ್ಣು ಒಳಗೆ ಕೊಳೆತಿರುತ್ತದೆ. ತೊಳೆಯಲೇಬೇಕಿದ್ದರೆ ಹಣ್ಣಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿನ ನೀರಿರಬೇಕು. ನಾನಂತೂ ಟೊಮೇಟೊ ತೊಳೆಯುವುದೇ ಇಲ್ಲ, ಒರೆಸುತ್ತೇನೆ.

ಆರಿಸುವುದು

ನೆರಳಲ್ಲಿ ಗೋಣಿ ಹಾಸಿ ಕೂತು ಮೂರು ಪಾಲು ಮಾಡಿ. ಗಾಯ ಇಲ್ಲದ್ದು, ಸಣ್ಣ ಗಾಯದ್ದು, ಹುಳ-ಕೊಳೆಯದ್ದು. ಸಣ್ಣ ಗಾಯದ್ದನ್ನು ಅವತ್ತೇ ಮಾರಿಬಿಡಿ, ಇಡಬೇಡಿ. ಕೊಳೆಯದ್ದು ಗೊಬ್ಬರದ ಗುಂಡಿಗೆ. ಆರಿಸಿದ ಕೈಯಲ್ಲೇ ಒಳ್ಳೆಯದನ್ನು ಮುಟ್ಟುವ ಮೊದಲು ಕೈ ತೊಳೆಯಿರಿ.

ಎಲೆಕೋಸಿಗೆ ಹೊರಗಿನ ಎರಡು ಮೂರು ಎಲೆ ಬಿಡಿ. ಹೂಕೋಸಿಗೂ ಸುತ್ತಲಿನ ಎಲೆಯೇ ಅಂಗಿ. ದಾರಿಯಲ್ಲಿ ಉಜ್ಜಿದರೆ ಎಲೆ ಉಜ್ಜಲಿ, ಹೂವಲ್ಲ.

ಯಾವುದಕ್ಕೆ ಯಾವ ಹವೆ

ಒಮ್ಮೆ ಪರಿಚಯದವರೊಬ್ಬರ ಶೀತಲ ಗೃಹದಲ್ಲಿ ಜಾಗ ಸಿಕ್ಕಿತು. ಆಲೂಗಡ್ಡೆ ಇಟ್ಟಿದ್ದ 4 ಡಿಗ್ರಿ ಕೋಣೆ. ಖುಷಿಯಿಂದ ಸೌತೆಕಾಯಿ, ಬದನೆ ಎಲ್ಲ ಅಲ್ಲಿ ಪೇರಿಸಿದೆ. ಐದು ದಿನ ಬಿಟ್ಟು ತೆಗೆದಾಗ ಹೊಳಪು ಹಾಗೇ ಇತ್ತು. ಮನೆಗೆ ತಂದು ಅರ್ಧ ದಿನ ಆಗುವಷ್ಟರಲ್ಲಿ ಸೌತೆ ಮೈಮೇಲೆ ಗುಳಿ ಬಿತ್ತು, ಬದನೆ ಒಳಗೆ ಬೀಜ ಕಪ್ಪಾಯಿತು. ಇದು ಚಳಿಯ ಪೆಟ್ಟು. ಚಳಿಯಲ್ಲಿ ಇರುವಾಗ ಕಾಣುವುದಿಲ್ಲ, ಹೊರಗೆ ಬಂದ ಮೇಲೆ ಕಾಣುತ್ತದೆ. ತಪ್ಪು ಕೋಣೆಯದಲ್ಲ, ನನ್ನದು.

ಹಾಗಾಗಿ ತರಕಾರಿಯನ್ನು ನಾನು ಅವಕ್ಕೆ ಒಗ್ಗುವ ಹವೆಯ ಪ್ರಕಾರ ವಿಂಗಡಿಸುತ್ತೇನೆ. ತಂಪು ಹವೆಗೆ ಒಗ್ಗಿದ ಕ್ಯಾರೆಟ್, ಬೀಟ್ರೂಟ್, ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಪಾಲಕ್, ಕೊತ್ತಂಬರಿ, ಬಟಾಣಿಗೆ ಎಷ್ಟು ತಂಪಿದ್ದರೂ ಒಳ್ಳೆಯದೇ. 0 ಡಿಗ್ರಿಯ ಹತ್ತಿರ, ಗಾಳಿಯ ತೇವ ನೂರಕ್ಕೆ 95ರಷ್ಟು ಇದ್ದರೆ ಅವಕ್ಕೆ ಸ್ವರ್ಗ. ಬಿಸಿ ನೆಲದ ಟೊಮೇಟೊ, ಬದನೆ, ಸೌತೆ, ಬೆಂಡೆ, ಹೀರೆ, ಹಾಗಲ, ದಪ್ಪ ಮೆಣಸಿನಕಾಯಿಗೆ ಚಳಿ ಆಗದು. ದಪ್ಪ ಮೆಣಸಿನಕಾಯಿ, ಬೆಂಡೆಗೆ 7ರಿಂದ 10, ಬದನೆ ಸೌತೆಗೆ 10ರಿಂದ 12, ಬಣ್ಣ ತಿರುಗದ ಟೊಮೇಟೊಗೆ 12ಕ್ಕಿಂತ ಕಡಿಮೆ ಬೇಡ. ಬೀನ್ಸ್ ಇವೆರಡರ ನಡುವೆ. ಇವಕ್ಕೂ ತೇವದ ಗಾಳಿ ಬೇಕು. ಮೂರನೇ ಗುಂಪು ಈರುಳ್ಳಿ, ಬೆಳ್ಳುಳ್ಳಿ, ಕುಂಬಳ. ಇವಕ್ಕೆ ಒಣಗಾಳಿಯೇ ಪ್ರಾಣ.

0 ಡಿಗ್ರಿ ನಮ್ಮ ಕೈಗೆ ಸಿಗದು. ಆದರೆ ಎರಡನೇ ಗುಂಪಿಗೆ ಹತ್ತಿರದ ಹವೆಯನ್ನು ಇಟ್ಟಿಗೆ, ಮರಳು, ನೀರಿನಿಂದ ಮಾಡಬಹುದು. ಮೊದಲನೇ ಗುಂಪಿಗೂ ಅದು ಹೊರಗಿಗಿಂತ ಎಷ್ಟೋ ವಾಸಿ.

ಇಟ್ಟಿಗೆ ತಂಪು ತೊಟ್ಟಿ ಕಟ್ಟುವುದು

ಇದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದರು. ಝೀರೋ ಎನರ್ಜಿ ಕೂಲ್ ಚೇಂಬರ್, ಅಂದರೆ ಕರೆಂಟ್ ಬೇಡದ ತಂಪು ಕೋಣೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ತಂಪು ತೊಟ್ಟಿ ಅಂತಲೇ ಹೆಸರು. ಮಡಕೆಯಲ್ಲಿ ನೀರು ತಣ್ಣಗಾಗುವ ಅದೇ ಲೆಕ್ಕ. ಒದ್ದೆ ಗೋಡೆಯಿಂದ ನೀರು ಆರುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ.

1. ಗಾಳಿ ಆಡುವ, ಮರದ ನೆರಳಿರುವ, ನೀರು ನಿಲ್ಲದ ಎತ್ತರದ ಜಾಗ ಆರಿಸಿ. ಕೊಳವೆಬಾವಿ ಹತ್ತಿರ ಇದ್ದರೆ ದಿನಾ ಬಿಂದಿಗೆ ಹೊರುವುದು ತಪ್ಪುತ್ತದೆ.

2. ಇಟ್ಟಿಗೆ ಹಾಸಿ 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲದ ನೆಲ ಮಾಡಿ. ಚೆನ್ನಾಗಿ ನೀರು ಹೀರುವ ನಾಡ ಇಟ್ಟಿಗೆಯೇ ಬೇಕು. ಸುಮಾರು 400 ಇಟ್ಟಿಗೆ ಹಿಡಿಯುತ್ತದೆ. ಸಿಮೆಂಟ್ ಬ್ಲಾಕ್ ಬೇಡ. ನೆಲದ ಕೆಳಗೆ ಸಣ್ಣ ಕಣ್ಣಿನ ತಂತಿ ಬಲೆ ಹಾಸಿಬಿಡಿ. ತಂಪು ನಮಗೆ ಮಾತ್ರ ಇಷ್ಟ ಅಂದುಕೊಳ್ಳಬೇಡಿ. ಇಲಿ ಬರುತ್ತದೆ, ಕಪ್ಪೆ ಬರುತ್ತದೆ, ಅವುಗಳ ಹಿಂದೆಯೇ ಇನ್ನೊಬ್ಬರೂ ಬರುತ್ತಾರೆ.

3. ಅದರ ಮೇಲೆ ಎರಡು ಸುತ್ತಿನ ಗೋಡೆ ಕಟ್ಟಿ. ಹೊರಗೋಡೆ, ಒಳಗೋಡೆ, ನಡುವೆ 7.5 ಸೆಂ.ಮೀ. ಸಂದು. ಎತ್ತರ 67.5 ಸೆಂ.ಮೀ. ಸಿಮೆಂಟ್ ಗಾರೆ ಬೇಡ, ಇಟ್ಟಿಗೆ ಮೇಲೆ ಇಟ್ಟಿಗೆ ಜೋಡಿಸಿದರೆ ಸಾಕು. ಗಾರೆ ಹಾಕಿದರೆ ಗೋಡೆ ಗಟ್ಟಿ, ಆದರೆ ನೀರು ಆರುವ ರಂಧ್ರ ಮುಚ್ಚಿಹೋಗುತ್ತದೆ.

4. ಇಡೀ ಗೋಡೆ ನೆನೆಸಿ. ಸಂದಿಗೆ ಒದ್ದೆ ಹೊಳೆ ಮರಳು ತುಂಬಿ. ಹೊಳೆ ಮರಳು ಸಿಗದಿದ್ದರೆ ಎಂ-ಸ್ಯಾಂಡನ್ನು ಜರಡಿ ಹಿಡಿದು, ಹಿಟ್ಟಿನಂಥ ಪುಡಿ ಹೋಗುವಂತೆ ತೊಳೆದು ಹಾಕಿ.

5. ಮುಚ್ಚಳಕ್ಕೆ ಬಿದಿರಿನ ಚೌಕಟ್ಟು ಮಾಡಿ ಗೋಣಿ ಅಥವಾ ಭತ್ತದ ಹುಲ್ಲು ಹೊಲಿಯಿರಿ. ಲಾವಂಚ ಸಿಕ್ಕರೆ ಇನ್ನೂ ಒಳ್ಳೆಯದು, ಪರಿಮಳ ಬೇರೆ. ಇಡೀ ತೊಟ್ಟಿಯ ಮೇಲೆ ಗರಿ ಚಪ್ಪರ ಇರಲಿ.

6. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರಳಿಗೆ ನೀರು ಕೊಡಿ. ಬೇಸಿಗೆಯಲ್ಲಿ ನಮಗೆ ದಿನಕ್ಕೆ ಎರಡು ಮೂರು ಬಿಂದಿಗೆ ಹಿಡಿಯುತ್ತದೆ. ಸಂದಿನ ಮೇಲೆ ಹನಿ ನೀರಾವರಿಯ ಹಳೇ ಪೈಪ್ ಸುತ್ತಿ, ಎತ್ತರದಲ್ಲಿಟ್ಟ ಡ್ರಮ್ಮಿಗೆ ಜೋಡಿಸಿದರೆ ಮರೆತರೂ ನಡೆಯುತ್ತದೆ. ನೀರು ತರಕಾರಿ ಮೇಲೆ ಬೀಳಬಾರದು.

ಒಳಗೆ ಸುಮಾರು 100 ಕೆಜಿ ಹಿಡಿಯುತ್ತದೆ, ಅಂದರೆ ನಾಲ್ಕು ಕ್ರೇಟ್. ಕಟ್ಟುವ ಮೊದಲೇ ನಿಮ್ಮ ಕ್ರೇಟನ್ನು ಅಳೆದುಕೊಳ್ಳಿ. ಒಂದು ಅಂಗುಲ ಸಾಲದೆ ನಾನು ಒಳಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟಿದ್ದೇನೆ. ತಿಂಗಳಿಗೊಮ್ಮೆ ಖಾಲಿ ಮಾಡಿ, ಬ್ಲೀಚಿಂಗ್ ನೀರಿನಲ್ಲಿ ಒಳಗೋಡೆ ಉಜ್ಜಿ. ಇಲ್ಲದಿದ್ದರೆ ಬೂಷ್ಟು ಮನೆ ಮಾಡುತ್ತದೆ.

ನಡು ಬೇಸಿಗೆಯಲ್ಲಿ ತೊಟ್ಟಿಯೊಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇರುತ್ತದೆ, ತೇವ ನೂರಕ್ಕೆ 90ರ ಆಸುಪಾಸು. ಆದರೆ ಈ ಅಂಕಿಯನ್ನು ಎಲ್ಲ ಊರಿಗೂ ಎಲ್ಲ ಕಾಲಕ್ಕೂ ನಂಬಬೇಡಿ. ಗಾಳಿ ಎಷ್ಟು ಒಣವೋ ತೊಟ್ಟಿ ಅಷ್ಟು ತಂಪು. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ, ತೇವ ನೂರಕ್ಕೆ 30 ಇದ್ದರೆ, ನೀರು ಆರಿ ಇಳಿಸಬಹುದಾದ ತಳಮಿತಿ ಸುಮಾರು 22. ಅದೇ 30 ಡಿಗ್ರಿ, ತೇವ 85 ಇದ್ದರೆ 28ರವರೆಗೆ ಮಾತ್ರ. ಅದಕ್ಕೇ ಕೋಲಾರ, ಚಿತ್ರದುರ್ಗ, ಬಳ್ಳಾರಿ, ಕಲಬುರಗಿ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಉಡುಪಿಯ ಜುಲೈಗೆ ಇದು ಬರೀ ಒದ್ದೆ ಇಟ್ಟಿಗೆ ಗುಡ್ಡೆ. ಕಟ್ಟುವ ಮೊದಲು ಸಾಮಾನ್ಯ ಥರ್ಮಾಮೀಟರ್ ತುದಿಗೆ ಒದ್ದೆ ಬಟ್ಟೆ ಸುತ್ತಿ ನಿಮ್ಮ ಹಿತ್ತಲಿನ ಗಾಳಿಗೆ ಹಿಡಿಯಿರಿ. ಅದು ತೋರಿಸುವ ಅಂಕಿಗಿಂತ ಕೆಳಗೆ ತೊಟ್ಟಿ ಇಳಿಯುವುದಿಲ್ಲ.

ಇದಕ್ಕಿಂತ ತಂಪು ಬೇಕು ಅನ್ನುವವರು ಸಣ್ಣ ಕೋಣೆಗೆ ಥರ್ಮಾಕೋಲ್ ಹೊದಿಕೆ ಹಾಕಿ, ಮಾಮೂಲಿ ಏಸಿಗೆ 16 ಡಿಗ್ರಿಗಿಂತ ಕೆಳಗೂ ಓಡುವಂತೆ ಮಾಡುವ ಕಂಟ್ರೋಲರ್ ಜೋಡಿಸಿಕೊಳ್ಳುತ್ತಾರೆ. ಎಲ್ಲ ತರಕಾರಿ ಒಂದೇ ಕೋಣೆಯಲ್ಲಿಡುವುದಾದರೆ 12 ಡಿಗ್ರಿಗೆ ಇಟ್ಟುಕೊಳ್ಳಿ. ಸೊಪ್ಪಿಗೆ ಅದು ಸ್ವಲ್ಪ ಬಿಸಿ, ಬದನೆಗೆ ಸರಿ, ಯಾರಿಗೂ ಪೆಟ್ಟಿಲ್ಲ. ಕರೆಂಟ್ ನಂಬಿಕೆಯಿರುವ ಊರಲ್ಲಿ ಮಾತ್ರ ಈ ಖರ್ಚಿಗೆ ಕೈ ಹಾಕಿ.

ಚೀಲ, ಕ್ರೇಟ್, ಗೋಣಿ

ಮೆತ್ತಗಿನ ಯಾವುದನ್ನೂ ಮೂಟೆ ಕಟ್ಟಬೇಡಿ. ಮೂಟೆ ಎತ್ತಿ ಎಸೆಯಲಿಕ್ಕೇ ಇರುವ ವಸ್ತು ಅಂತ ಹಮಾಲಿಗಳು ತಿಳಿದಿದ್ದಾರೆ, ಅದು ಅವರ ತಪ್ಪೂ ಅಲ್ಲ. ಪ್ಲಾಸ್ಟಿಕ್ ಕ್ರೇಟ್ ಆದರೆ ಭಾರ ಕ್ರೇಟಿನ ಮೇಲೆ ಬೀಳುತ್ತದೆ, ತರಕಾರಿ ಮೇಲೆ ಬೀಳುವುದಿಲ್ಲ. ಆದರೆ ಅಂಚಿಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿದರೆ ಮಾತ್ರ. ಕೋಲಾರದಲ್ಲಿ ಟೊಮೇಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ಅದರ ಮೇಲೆ ಗೋಪುರ ಕಟ್ಟಿದರೆ ದರ ಜಾಸ್ತಿ ಸಿಗುವುದಿಲ್ಲ, ಮೇಲಿನ ಬಾಕ್ಸ್ ಕೂತಾಗ ರಸ ಸೋರುತ್ತದೆ. ಟೊಮೇಟೊದಲ್ಲಿ ಕೊಯ್ಲಿನಿಂದ ಮಾರಾಟದವರೆಗೆ ನೂರಕ್ಕೆ 12ರಷ್ಟು ಹಾಳಾಗುತ್ತದೆ ಎಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) 2015ರ ಅಧ್ಯಯನ ಹೇಳಿತ್ತು. ಅದರಲ್ಲಿ ಒಂದು ಪಾಲು ಈ ಗೋಪುರದ್ದೇ ಅನ್ನುವುದು ನನ್ನ ಗುಮಾನಿ.

ಬಿದಿರು ಮಂಕರಿ ಬಳಸುವವರು ಒಳಗೆ ಹಳೇ ಪೇಪರ್ ಅಥವಾ ಬಾಳೆ ಎಲೆ ಹಾಸಿ. ಬಿದಿರ ಸಿಬಿರು ಬದನೆಯ ಮೈ ಗೀರುತ್ತದೆ. ಕೋಸು, ಕುಂಬಳ, ಗೆಡ್ಡೆಗೆ ಜಾಳು ನೇಯ್ಗೆಯ ಚೀಲ ಸಾಕು.

ಈಗ ಪ್ಲಾಸ್ಟಿಕ್ ಚೀಲದ ವಿಷಯ. ಅದು ಕೆಟ್ಟದ್ದಲ್ಲ, ಮುಚ್ಚಿದ ಬಾಯಿ ಕೆಟ್ಟದ್ದು. ಚೀಲ ನೀರು ಆರುವುದನ್ನು ತಡೆಯುತ್ತದೆ, ಅದು ಲಾಭ. ಆದರೆ ಪೂರ್ತಿ ಮುಚ್ಚಿದರೆ ಒಳಗಿನ ಆಮ್ಲಜನಕ ಮುಗಿದು ತರಕಾರಿ ಹುಳಿ ವಾಸನೆ ಬರುತ್ತದೆ, ಹೆಂಡದ ವಾಸನೆ ಅಂದರೂ ಸರಿ. ತೂತು ಬೇಕು. ಒಂದು ಕೆಜಿ ಚೀಲಕ್ಕೆ ನಾನು ಪೆನ್ಸಿಲ್ ದಪ್ಪದ ಎಂಟು ಹತ್ತು ತೂತು ಹಾಕುತ್ತೇನೆ. ಸೊಪ್ಪಿಗೆ ಇನ್ನೂ ಜಾಸ್ತಿ. ಚೀಲದ ಒಳಮೈಯಲ್ಲಿ ಹನಿ ಕಂಡರೆ ತೂತು ಸಾಲದು ಅಥವಾ ಕಾವು ಇಳಿದಿರಲಿಲ್ಲ ಅಂತ ಅರ್ಥ. ತೂತಿದ್ದೂ ಬಾಡಿದರೆ ತೂತು ಜಾಸ್ತಿಯಾಯಿತು. ಎರಡು ಸಲ ಮಾಡಿದರೆ ನಿಮ್ಮ ತರಕಾರಿಗೆ ಎಷ್ಟು ಅನ್ನುವುದು ಕೈಗೆ ಬರುತ್ತದೆ.

ನಾವು ಈಗ ಚೀಲವನ್ನು ಕ್ರೇಟಿನ ಒಳಹೊದಿಕೆಯಾಗಿ ಬಳಸುತ್ತೇವೆ, ತೊಳೆದು ಮತ್ತೆ ಮತ್ತೆ. ಗಿರಾಕಿಗೆ ಪ್ಲಾಸ್ಟಿಕ್ ಕೈಚೀಲ ಕೊಡುವುದಕ್ಕೆ ಕರ್ನಾಟಕದಲ್ಲಿ 2016ರಿಂದ ನಿಷೇಧ ಇದೆ. ಸೊಪ್ಪಿನ ಕಟ್ಟನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ ಕೊಡುತ್ತೇವೆ. ಅದು ಒದ್ದೆ ಗೋಣಿಯ ಕೆಲಸವನ್ನೇ ಮಾಡುತ್ತದೆ.

ಒಟ್ಟಿಗೆ ಇಡಬಾರದವರು

ಹಣ್ಣಾಗುವಾಗ ಟೊಮೇಟೊ, ಬಾಳೆ, ಮಾವು, ಪರಂಗಿ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು, ಸೌತೆ ಇದ್ದರೆ ಬೇಗ ಹಳದಿಯಾಗುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಕೆಂಪು ಟೊಮೇಟೊಗೆ ಪ್ರವೇಶವಿಲ್ಲ. ಬಣ್ಣ ತಿರುಗುತ್ತಿರುವುದು ಮಾತ್ರ ಒಳಗೆ, ಅದೂ ಬೇರೆ ದಿನ. ಹಣ್ಣಾದದ್ದು ನಡುಮನೆಯ ಮೂಲೆಯಲ್ಲಿ, ಒಂದೇ ಪದರದಲ್ಲಿ. ಎಷ್ಟು ಬಣ್ಣಕ್ಕೆ ಕೀಳಬೇಕು ಅನ್ನುವುದು ದೂರದ ಮೇಲೆ. ಲಾರಿ ಹೊರರಾಜ್ಯಕ್ಕೆ ಹೋಗುವುದಾದರೆ ತುದಿಯಲ್ಲಿ ಕೆಂಪು ಮೂಡಿದಾಗಲೇ, ನಾಳೆ ಬೆಂಗಳೂರಿಗೆ ಆದರೆ ಮುಕ್ಕಾಲು ಕೆಂಪಾದ ಮೇಲೆ.

ಈರುಳ್ಳಿ, ಆಲೂಗಡ್ಡೆ

ಈರುಳ್ಳಿಯನ್ನು ತೊಟ್ಟಿಯ ಹತ್ತಿರವೂ ತರಬೇಡಿ. ಅದಕ್ಕೆ ಮೊದಲು ಒಣಗಿಸುವ ಕೆಲಸ. ಸೊಪ್ಪು ಅರ್ಧದಷ್ಟು ಬಾಗಿ ಬಿದ್ದಾಗ ಕಿತ್ತು, ಹೊಲದಲ್ಲೇ ಸಾಲಾಗಿ ಹಾಕಿ, ಒಂದರ ಸೊಪ್ಪು ಇನ್ನೊಂದರ ಗೆಡ್ಡೆ ಮುಚ್ಚುವಂತೆ ಮೂರರಿಂದ ಐದು ದಿನ ಬಿಡಿ. ಆಮೇಲೆ ಕತ್ತಿನ ಹತ್ತಿರ ಒಂದು ಇಂಚು ಬಿಟ್ಟು ಸೊಪ್ಪು ಕತ್ತರಿಸಿ, ನೆರಳಲ್ಲಿ ಇನ್ನೊಂದು ವಾರ ಹತ್ತು ದಿನ. ಕತ್ತು ಹಿಚುಕಿದಾಗ ಹಸಿ ಅನ್ನಿಸಬಾರದು, ಹೊರಸಿಪ್ಪೆ ಸರಸರ ಅನ್ನಬೇಕು.

ಇಡುವ ಅಟ್ಟ ನೆಲದಿಂದ ಒಂದೂವರೆ ಎರಡು ಅಡಿ ಮೇಲಿರಲಿ, ಬಿದಿರ ದಬ್ಬೆಯದ್ದಾಗಿರಲಿ, ನಾಲ್ಕೂ ಕಡೆ ಗಾಳಿ ಇರಲಿ. ರಾಶಿ ನಾಲ್ಕು ಅಡಿ ಮೀರಬಾರದು. ಬಿಸಿ ಬಗ್ಗೆ ಈರುಳ್ಳಿಯ ಸ್ವಭಾವ ವಿಚಿತ್ರ. 0 ಡಿಗ್ರಿಯಲ್ಲೂ ಮಲಗಿರುತ್ತದೆ, 25-30ರಲ್ಲೂ ಮಲಗಿರುತ್ತದೆ. ನಡುವಿನ 10-20ರಲ್ಲಿ ಎದ್ದು ಮೊಳಕೆ ಒಡೆಯುತ್ತದೆ. ಫ್ರಿಜ್‌ನಿಂದ ತೆಗೆದ ಈರುಳ್ಳಿ ಹೊರಗಿಟ್ಟೊಡನೆ ಬೆವರಿ ಬೂಷ್ಟು ಹಿಡಿಯುವುದು ಬೇರೆ. ಮುಂಗಾರಿನ ಈರುಳ್ಳಿಯನ್ನು ಇಡುವ ಆಸೆಯೇ ಬೇಡ. ಗದಗ, ಚಿತ್ರದುರ್ಗ ಕಡೆ ಅದು ಮಳೆಯಲ್ಲೇ ಕೊಯ್ಲಿಗೆ ಬರುತ್ತದೆ, ಕತ್ತು ಒಣಗುವುದೇ ಇಲ್ಲ. ಇಡುವುದಾದರೆ ಬೇಸಿಗೆ ಕೊಯ್ಲಿನದ್ದು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನದಂಥ ಬಾಳಿಕೆಯ ತಳಿ.

ಆಲೂಗಡ್ಡೆಗೆ ಕತ್ತಲೆ ಬೇಕು. ಬೆಳಕು ತಾಗಿ ಹಸಿರಾದ ಭಾಗದಲ್ಲಿ ವಿಷದ ಅಂಶ ಸೇರುತ್ತದೆ, ಅಂಥದ್ದನ್ನು ಮಾರಬೇಡಿ, ತಿನ್ನಲೂಬೇಡಿ. ಈರುಳ್ಳಿ ಪಕ್ಕದಲ್ಲಿಡುವ ಅಭ್ಯಾಸ ಎಲ್ಲರ ಮನೆಯಲ್ಲಿದೆ. ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಕೊಳೆಯುತ್ತದೆ, ಬೇರೆ ಬೇರೆ ಇಡಿ.

ಗಾಡಿ ಹತ್ತಿಸುವಾಗ

ರಾತ್ರಿ ಅಥವಾ ನಸುಕಿನಲ್ಲಿ ಹೊರಡಿ. ಭಾರದ ಕ್ರೇಟ್ ಕೆಳಗೆ, ಸೊಪ್ಪು ಮೇಲೆ. ಟಾರ್ಪಾಲಿನ್ ಕಟ್ಟುವುದಾದರೆ ಮೇಲಿನ ಕ್ರೇಟ್ ಮತ್ತು ಟಾರ್ಪಾಲಿನ್ ನಡುವೆ ಒಂದು ಅಡಿ ಬಿಡಿ. ಬಿಸಿಲಲ್ಲಿ ನಿಂತಿದ್ದ ಗಾಡಿಯ ತಳ ಕಾದ ಹೆಂಚಿನಂತಿರುತ್ತದೆ. ಒಂದು ಬಕೆಟ್ ನೀರು ಸುರಿದು, ಹುಲ್ಲು ಹಾಸಿ, ಆಮೇಲೆ ಕ್ರೇಟ್ ಇಡಿ. ತೊಟ್ಟಿಯಿಂದ ತೆಗೆದ ತರಕಾರಿಯನ್ನು ಮಧ್ಯಾಹ್ನದ ಬಿಸಿಗೆ ಒಮ್ಮೆಲೇ ಬಿಚ್ಚಬೇಡಿ, ಮೈಯೆಲ್ಲ ಬೆವರುತ್ತದೆ.

ಕೊನೆಗೆ, ಬುಟ್ಟಿಯೊಳಗೆ ಒಂದು ಚೀಟಿ ಹಾಕಿ. ನಾವು ಪಟ್ಟ ಪಾಡೆಲ್ಲ ಗಿರಾಕಿಯ ಫ್ರಿಜ್‌ನಲ್ಲಿ ಒಂದೇ ರಾತ್ರಿಗೆ ನೀರಾಗುವುದುಂಟು. ನಮ್ಮ ಚೀಟಿಯಲ್ಲಿ ಇಷ್ಟೇ ಇರುತ್ತದೆ: ಟೊಮೇಟೊ ಹಣ್ಣಾಗುವ ತನಕ ಫ್ರಿಜ್‌ಗೆ ಬೇಡ. ಬೆಂಡೆ ತೊಳೆಯಬೇಡಿ, ಬಟ್ಟೆ ಚೀಲದಲ್ಲಿ ಇಡಿ. ಕೊತ್ತಂಬರಿ ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಸೌತೆಯನ್ನು ಫ್ರಿಜ್ ಬಾಗಿಲಲ್ಲಿಡಿ, ಹಿಂಬದಿಗೆ ತಳ್ಳಬೇಡಿ. ಮೊದಲ ದಿನ ಲೋಳೆ ಪಾಲಕ್‌ನ ಫೋಟೋ ಕಳಿಸಿದ ಅದೇ ಗಿರಾಕಿ ಈಗ ಆ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಹೋದ ವಾರ ಕೇಳಿದರು, ಕರಿಬೇವಿನ ಬಗ್ಗೆ ಯಾಕೆ ಬರೆದಿಲ್ಲ ಅಂತ. ಕಡ್ಡಿಯಿಂದ ಬಿಡಿಸಿ, ಒದ್ದೆ ಇಲ್ಲದಂತೆ ಆರಿಸಿ, ಪೇಪರ್ ಹಾಸಿದ ಡಬ್ಬಿಗೆ ಹಾಕಿ ಅಂದೆ. ಮುಂದಿನ ಚೀಟಿಯಲ್ಲಿ ಅದನ್ನೂ ಸೇರಿಸಬೇಕು.